ಒಂದು ಲಾರಿ ಕೆಟ್ಟ ಸಾಮಾನು ಬೇಕಾಗಿದೆ

ಕಾಯಿದೆ ಹೈದರಾಬಾದಿನಿಂದ ಹೊರಡುವಾಗ ಇಸ್ತ್ರಿ ಮಾಡಿದ ಅಂಗಿಯ ಹಾಗೆ ನೆಟ್ಟಗೇ ಇರುತ್ತದೆ. ಮಹಬೂಬನಗರ ದಾಟಿ ಮಕ್ತಲ್ ಮುಟ್ಟುವ ಹೊತ್ತಿಗೆ ಬಸ್ಸಿನಲ್ಲಿ ನಿಂತು ಬಂದವರ ಅಂಗಿಯಾಗಿರುತ್ತದೆ. ಇದರಲ್ಲಿ ಕಾಯಿದೆಯದೂ ತಪ್ಪಿಲ್ಲ, ಮಕ್ತಲಿನದೂ ತಪ್ಪಿಲ್ಲ. ದಾರಿಯೇ ಹಾಗಿದೆ. ಅದಕ್ಕೇ ಇಂಥವು ನಡೆಯುತ್ತಲೇ ಇರುತ್ತವೆ, ನನ್ನಂಥವರು ಹೇಳುತ್ತಲೇ ಇರುತ್ತೇವೆ.

ನನ್ನ ಕಾಲಿಗೆ ಚಕ್ರ ಇದೆ ಅಂತ ನನ್ನ ತಾಯಿ ಹೇಳುತ್ತಿದ್ದಳು. ಸತ್ತ ಟಿವಿ, ಒಡೆದ ಫೋನು, ಸುಟ್ಟ ಕಂಪ್ಯೂಟರುಗಳ ಬೆನ್ನು ಹತ್ತಿ ಶ್ರೀಮಂತ ದೇಶಗಳ ಬೀದಿ ನೋಡಿದೆ, ಘಾನಾ ನೋಡಿದೆ, ಮನಿಲಾ ನೋಡಿದೆ, ದಿಲ್ಲಿಯ ಗಲ್ಲಿಗಳಲ್ಲಿ ಎರಡು ವರ್ಷ ಕೆಮ್ಮಿದೆ. ಕಸದ ವಾಸನೆ ಲೋಕದಲ್ಲೆಲ್ಲ ಒಂದೇ. ಕಸದ ಕಾಗದಪತ್ರದ ವಾಸನೆ ಮಾತ್ರ ಊರಿಗೊಂದು ನಮೂನೆ. ಕಡೆಗೆ ಒಂದು ಕಾರ್ಯಕ್ರಮದವರು ನನ್ನನ್ನು ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂರಿಗೆ ಇ-ತ್ಯಾಜ್ಯ ಸಂಗ್ರಹದ ಸಂಯೋಜಕಿ ಮಾಡಿ ಕಳಿಸಿದರು. ಇ-ತ್ಯಾಜ್ಯ ಅಂದರೆ ಕರೆಂಟಿನ ಮೇಲೆ ಬದುಕಿ ಸತ್ತದ್ದೆಲ್ಲ. ಮಕ್ತಲ್‌ನಲ್ಲಿ ಒಂದು ಕೋಣೆ ಹಿಡಿದೆ. ಚೀಲ ಬಿಚ್ಚುವ ಮೊದಲೇ ಗುಜರಿ ಅಕ್ಕನ ಗೇಟಿಗೆ ನೋಟೀಸು ಅಂಟಿತು.

ಮೊದಲು ಕೂಸು ತೋರಿಸು

ಗುಜರಿ ಅಕ್ಕನಿಗೆ ಬೇರೆ ಹೆಸರಿದೆ, ಆದರೆ ಅದು ಆಧಾರ್ ಕಾರ್ಡಿಗಷ್ಟೇ ಗೊತ್ತು. ಅಪ್ಪನ ಗುಜರಿ ಅಂಗಳವನ್ನು ಅಪ್ಪನ ನಂತರ ಅವಳೇ ನಡೆಸುತ್ತಿದ್ದಾಳೆ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಕೀಲಿಗೊಂಚಲಿನ ಜಾಗದಲ್ಲಿ ಒಂದು ಸ್ಕ್ರೂಡ್ರೈವರ್. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೈಯಬಲ್ಲಳು. ಗಿರಾಕಿಯ ಮುಖ ನೋಡಿ ಭಾಷೆ ಆರಿಸುತ್ತಾಳೆ.

ನೋಟೀಸಿನಲ್ಲಿ ಬರೆದದ್ದು ಇಷ್ಟು: ನೋಂದಣಿ ಇಲ್ಲದೆ ಇ-ತ್ಯಾಜ್ಯ ಇಟ್ಟುಕೊಳ್ಳುವುದು ಅಪರಾಧ. ನೋಂದಣಿ ಮಾಡಿಸದಿದ್ದರೆ ಅಂಗಳಕ್ಕೆ ಬೀಗ. ಅವಳು, ಅವಳ ತಮ್ಮ, ತಂತಿ ಸುಲಿಯುವ ಇಬ್ಬರು ಹೆಂಗಸರು, ಹೀಗೆ ನಾಲ್ಕು ಮನೆಯ ಒಲೆ ಆ ಗೇಟಿನ ಒಳಗಿನ ದುಡಿಮೆಯಿಂದ ಉರಿಯುತ್ತಿತ್ತು.

ನಾನು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಫೋನು ಹಚ್ಚಿದೆ. ಅಕ್ಕನಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಆ ಕಡೆಯ ಅಧಿಕಾರಿ ಬಹಳ ಮರ್ಯಾದಸ್ಥ.

"ನೋಂದಣಿ ಮಾಡಿಸಿಕೊಳ್ಳಿ ಮೇಡಂ, ಸುಲಭ."

"ಅದಕ್ಕೇನು ಬೇಕು?"

"ಸಂಗ್ರಹ ಮಾಡಿದ ಇ-ತ್ಯಾಜ್ಯ ತೋರಿಸಬೇಕು."

"ನೋಂದಣಿ ಇಲ್ಲದೆ ಸಂಗ್ರಹ ಮಾಡಿದರೆ?"

"ಅಪರಾಧ ಮೇಡಂ. ಬೀಗ ಹಾಕ್ತೀವಿ."

ಅಕ್ಕ ಎಲೆಯಡಿಕೆ ಪಕ್ಕಕ್ಕಿಟ್ಟು ಫೋನಿನ ಹತ್ತಿರ ಬಾಯಿ ತಂದಳು. "ಸಾಹೇಬ್ರ, ಮದಿವಿ ಮಾಡಬೇಕಂದ್ರ ಮೊದಲ ಕೂಸು ತೋರಸು ಅಂತೀರಿ. ಕೂಸು ತೋರಿಸಿದ್ರ ಮದಿವಿ ಆಗದ ಹೆಂಗ ಹಡದಿ ಅಂತ ಬಡೀತೀರಿ. ನಾ ಏನ್ ಮಾಡ್ಲಿ?"

ಫೋನಿನಲ್ಲಿ ಮುಖ ಕಾಣದೆ ಅವಳು ಕನ್ನಡವನ್ನೇ ಆರಿಸಿದ್ದಳು. ನಾನು ಅದನ್ನು ತೆಲುಗಿಗೆ ತಿರುಗಿಸಿದೆ. ಆ ಕಡೆಯಿಂದ ನಗು ಬಂತು. ನನ್ನ ಅನುಭವದಲ್ಲಿ ಕಚೇರಿಯಿಂದ ಒಂದು ನಗು ಹೊರಟರೆ ಹಿಂದೆ ಒಂದು ಕಾಗದವೂ ಹೊರಡುತ್ತದೆ. ಹಾಗೇ ಆಯಿತು. ತಾತ್ಕಾಲಿಕ ಅನುಮತಿ ಪತ್ರ ಬಂತು. ಮೂರು ತಿಂಗಳ ಒಳಗೆ ಹೊಸದಾಗಿ ಒಂದು ಲಾರಿ ಇ-ತ್ಯಾಜ್ಯ ಕೂಡಿಸಬೇಕು, ಅಂಗಳದಲ್ಲಿ ಮೊದಲೇ ಇದ್ದದ್ದು ಲೆಕ್ಕಕ್ಕಿಲ್ಲ, ಕೊಟ್ಟವರಿಗೆಲ್ಲ ರಸೀದಿ ಹರಿಯಬೇಕು, ಕಡೆಗೆ ತಪಾಸಣೆ. ಪಾಸಾದರೆ ನೋಂದಣಿ, ಇಲ್ಲದಿದ್ದರೆ ಬೀಗ.

ಅಕ್ಕ ಪತ್ರವನ್ನು ತಿರುವಿ ಮುರುವಿ ನೋಡಿದಳು. "ಮೂರ ತಿಂಗಳೇನ್ರಿ ಬಾಯಾರ? ದೇವರು ಸೈತ ಒಂಬತ್ತು ಕೊಡ್ತಾನ."

ಕೈಗವಸು

ಅನುಮತಿ ಪತ್ರ ಪಡೆದವರೆಲ್ಲ ಒಂದು ದಿನದ ತರಬೇತಿಗೆ ಹೋಗಬೇಕೆಂಬ ನಿಯಮ. ತರಬೇತಿ ಗದ್ವಾಲದಲ್ಲಿ, ತಗಡಿನ ಮಾಡಿನ ಒಂದು ಸಭಾಭವನದಲ್ಲಿ, ಮೇ ತಿಂಗಳಿನಲ್ಲಿ. ಈ ಮೂರನ್ನೂ ಸೇರಿಸಿ ಯೋಚಿಸಿದವರು ಖಂಡಿತ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಯೋಚಿಸಿರಬೇಕು.

ತರಬೇತುದಾರ ದೊಡ್ಡ ನಗರದಿಂದ ಬಂದ ಚಿಕ್ಕ ವಯಸ್ಸಿನ ಇಂಜಿನಿಯರು. ಪರದೆಯ ಮೇಲೆ ಚಿತ್ರ ತೋರಿಸುತ್ತ, "ಇದು ಒಂದು ಟಿವಿಯ ಒಳಭಾಗ" ಅಂದ.

"ಅದು ಮೂಗಿನ ಟಿವಿ, ಹಿಂದ ಉಬ್ಬಿದ್ದು," ಅಕ್ಕ ಕೂತಲ್ಲಿಂದಲೇ ತಿದ್ದಿದಳು. "ಎಡಗಡೆ ಸುಟ್ಟೈತಿ. ಯಾರೋ ಒಂದ್ಸಲ ಬಿಚ್ಚಿ ತಪ್ಪು ಹೊಂದಿಸ್ಯಾರ."

ಅವನು ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಎಡಗಡೆ ಸುಟ್ಟಿತ್ತು. ಮುಂದಿನ ಚಿತ್ರಕ್ಕೆ ಹೋದ.

ಆಮೇಲೆ ಪ್ರಾತ್ಯಕ್ಷಿಕೆ. ಕೆಟ್ಟ ಸಾಮಾನು ಮುಟ್ಟುವ ಮೊದಲು ಕೈಗವಸು, ಮುಖಗವಸು, ಕನ್ನಡಕ, ಏಪ್ರನ್ ಹಾಕಿಕೊಳ್ಳಬೇಕು ಅಂತ ಹೇಳಿ ಒಂದೊಂದಾಗಿ ಹಾಕಿಕೊಳ್ಳತೊಡಗಿದ. ಮಾತು ನೂರಕ್ಕೆ ನೂರು ಸರಿ. ಅಕ್ಕನ ಬೆರಳುಗಳನ್ನು ನೋಡಿದರೆ ಅದು ಎಷ್ಟು ಸರಿ ಎಂದು ತಿಳಿಯುತ್ತದೆ, ಎರಡಕ್ಕೆ ಉಗುರೇ ಇಲ್ಲ. ಆದರೆ ಆ ಸೆಕೆಗೆ ಅವನ ಕನ್ನಡಕದೊಳಗೆ ಮಂಜು ಕವಿಯಿತು. ಎಡಗೈ ಗವಸು ಬಲಗೈಗೆ ಹೋಯಿತು. ಅವನು ಎರಡನೆಯ ಗವಸಿನ ಹೆಬ್ಬೆರಳು ಹುಡುಕುವಷ್ಟರಲ್ಲಿ ಪ್ರೊಜೆಕ್ಟರು 'ಟಿಕ್' ಅಂದು ಆರಿಹೋಯಿತು.

ಎಲ್ಲರೂ ಕರೆಂಟಿನವರಿಗೆ ಬೈದರು. ಅಕ್ಕ ಬೈಯಲಿಲ್ಲ. ಎದ್ದು ಹೋದಳು, ಸೊಂಟದ ಸ್ಕ್ರೂಡ್ರೈವರ್ ತೆಗೆದಳು, ಮುಚ್ಚಳ ಬಿಚ್ಚಿದಳು, ಒಳಗೆ ಊದಿದಳು, ಒಂದು ತಂತಿ ಒತ್ತಿ ಮುಚ್ಚಿದಳು. ಪರದೆ ಬೆಳಗಿತು. ಸಭೆ ಚಪ್ಪಾಳೆ ತಟ್ಟಿತು.

ತರಬೇತುದಾರ ಮುಖಗವಸು ಇಳಿಸಿ, ಪಾಪ, ನಿಯಮ ನೆನಪಿಸಿದ. "ಅಮ್ಮಾ, ನೋಂದಣಿ ಆಗದೇ ಇರೋರು ಯಂತ್ರ ಬಿಚ್ಚಬಾರದು."

ಅಕ್ಕ ಸ್ಕ್ರೂಡ್ರೈವರ್ ಮತ್ತೆ ಹೊರಗೆಳೆದಳು. "ಹಂಗಾರ ಮೊದಲಿನಂಗ ಕೆಡಿಸಿ ಕೊಡ್ಲೇನಪ್ಪಾ?"

ಹಸಿರು ಡಬ್ಬಿ

ಕಾರ್ಯಕ್ರಮದ ಕೈಪಿಡಿಯಲ್ಲಿ ಮೊದಲ ಹೆಜ್ಜೆ ಎಂದು ಬರೆದದ್ದು ಡಬ್ಬಿ. ಜನ ಓಡಾಡುವ ಜಾಗದಲ್ಲಿ ಡಬ್ಬಿ ಇಟ್ಟರೆ ಜನ ತಾವಾಗಿ ಹಳೇ ಫೋನು, ಚಾರ್ಜರು ತಂದು ಹಾಕುತ್ತಾರೆ. ಇದು ನಾನು ನೋಡಿದ ಎಲ್ಲ ದೇಶದ ಕೈಪಿಡಿಯಲ್ಲೂ ಇದೆ. ಜನ ಮಾತ್ರ ಯಾವ ದೇಶದಲ್ಲೂ ಕೈಪಿಡಿ ಓದಿಲ್ಲ.

ಮೂರೂರಿನಲ್ಲಿ ಒಂದೂರಿನ ಸರ್ಕಾರಿ ಕಚೇರಿ. ಯಾವೂರು ಅಂತ ಕೇಳಬೇಡಿ, ನನಗೆ ಅಲ್ಲಿ ಇನ್ನೂ ಕೆಲಸವಿದೆ. ಸೋಮವಾರ ಸೋಮವಾರ ಅಲ್ಲಿ ಜನರ ಅಹವಾಲು ಕೇಳುತ್ತಾರೆ. ಜಾತ್ರೆಯಷ್ಟು ಮಂದಿ. ನಾನು ಆ ವರಾಂಡದಲ್ಲಿ ನನ್ನ ಹಸಿರು ಡಬ್ಬಿ ಇಟ್ಟೆ. ಎದೆಯೆತ್ತರ, ಮೇಲೆ ಉದ್ದನೆಯ ಸೀಳು. ಮುಂದೆ 'ನಿಮ್ಮ ಇ-ತ್ಯಾಜ್ಯ ಇಲ್ಲಿ ಹಾಕಿರಿ' ಅಂತ ತೆಲುಗಿನಲ್ಲಿ ಬರೆಸಿದ್ದೆ.

ಮುಂದಿನ ವಾರ ಬಂದು ನೋಡಿದರೆ ಡಬ್ಬಿ ತುಂಬಿ ಕಾಗದ ಹೊರಗೆ ಇಣುಕುತ್ತಿತ್ತು. ನನಗೂ ಅಕ್ಕನಿಗೂ ಸಂಭ್ರಮ. ಬೀಗ ತೆಗೆದು ಸುರಿದೆವು. ಪಿಂಚಣಿ ಅರ್ಜಿ, ಹೊಲದ ಹದ್ದುಬಸ್ತಿನ ಅರ್ಜಿ, ಪಕ್ಕದ ಮನೆಯವನ ಬಚ್ಚಲ ನೀರಿನ ಬಗ್ಗೆ ನಾಲ್ಕು ಅರ್ಜಿ, ನಾಲ್ಕೂ ಒಬ್ಬರದೇ. ಇಡೀ ರಾಶಿಯಲ್ಲಿ ಕರೆಂಟಿಗೆ ಸಂಬಂಧಪಟ್ಟದ್ದು ಒಂದೇ, ಒಂದು ಟಿವಿ ರಿಮೋಟು. ಅದಕ್ಕೂ ದಾರದಿಂದ ಚೀಟಿ ಕಟ್ಟಿತ್ತು: "ಆರು ತಿಂಗಳಿಂದ ಕೆಲಸ ಮಾಡುತ್ತಿಲ್ಲ. ದಯಮಾಡಿ ಕ್ರಮ ಕೈಗೊಳ್ಳಬೇಕು."

ಒಬ್ಬ ಮುದುಕಿ ಅಲ್ಲೇ ನಿಂತಿದ್ದಳು. ಯಾಕಮ್ಮಾ ಇದರಲ್ಲಿ ಹಾಕಿದ್ರಿ ಅಂತ ಕೇಳಿದೆ. "ಒಳಗಿನ ಸರತಿ ಬಾಳ ಉದ್ದ ಐತವ್ವಾ," ಅಂದಳು. "ಇಲ್ಲಿ ಯಾರೂ ಇದ್ದಿಲ್ಲ."

ಅರ್ಜಿಗಳನ್ನೆಲ್ಲ ಜೋಡಿಸಿಕೊಂಡು ಒಳಗಿನ ಗುಮಾಸ್ತರ ಮುಂದಿಟ್ಟೆ. "ಇವು ತಪ್ಪಿ ನನ್ನ ಡಬ್ಬಿಗೆ ಬಂದಿವೆ. ನೀವು ತಗೊಳ್ಳಿ."

ಗುಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನೂ ಆ ರಾಶಿಯನ್ನೂ ನೋಡಿದರು. ತಮ್ಮ ಮೇಜಿನ ಮೇಲಿನ ರಾಶಿಯನ್ನೂ ನೋಡಿದರು.

"ನೀವ ಇಟ್ಕೊಳ್ರಿ ಮೇಡಂ. ನಿಮ್ಮ ಡಬ್ಬಿ ಆದ್ರೂ ಲಾರಿ ಹತ್ತಿ ಹೈದರಾಬಾದಿಗೆ ಹೋಗ್ತೈತಿ. ನಮ್ಮವು ಬಾಜೂ ಮೇಜಿಗೂ ಹೋಗಂಗಿಲ್ಲ."

ನಾರಾಯಣಪೇಟೆಯ ಫ್ರಿಜ್ಜು

ಡಬ್ಬಿ ಸೋತ ಮೇಲೆ ಮನೆ ಮನೆಗೆ ಹೊರಟೆವು. ಒಂದು ತಿಂಗಳು ಕಳೆದಿತ್ತು. ಲಾರಿಯ ಲೆಕ್ಕಕ್ಕೆ ನಮ್ಮ ಹತ್ತಿರ ಇದ್ದದ್ದು ಆ ರಿಮೋಟು.

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ದೊಡ್ಡ ಫ್ರಿಜ್ಜು ಕಂಡಿತು. ವೈರು ಇಲ್ಲ, ಪ್ಲಗ್ಗಿಲ್ಲ, ಹಿಂದೆ ಇಲಿ ಕಡಿದ ತೂತು. ಒಂದು ಫ್ರಿಜ್ಜು ಎಂದರೆ ಲಾರಿಯಲ್ಲಿ ಒಂದು ಮೂಲೆ. ಅಕ್ಕ ನನ್ನ ಕೈ ಚಿವುಟಿದಳು.

"ಅವ್ವಾ, ಈ ಫ್ರಿಜ್ಜು ಕೆಟ್ಟೈತಲ್ಲ?" ಅಂತ ಮನೆಯಾಕೆಯನ್ನು ಕೇಳಿದಳು.

"ಯಾರಂದ್ರು?" ನೇಕಾರರ ಹೆಂಡತಿ ಎದ್ದು ನಿಂತಳು. "ಚಲೋ ಐತಿ."

"ತಣ್ಣಗ ಮಾಡ್ತೈತೇನು?"

"ತಣ್ಣಗ ಮಾಡೂದೊಂದು ಬಿಟ್ಟೈತಿ. ಉಳಿದದ್ದೆಲ್ಲ ಮಾಡ್ತೈತಿ."

ಬಾಗಿಲು ತೆಗೆದಳು. ಒಳಗೆ ಸೀರೆ. ತರಕಾರಿ ಇಡುವ ಕೆಳಗಿನ ಡಬ್ಬದಲ್ಲಿ ಜರಿಯಂಚಿನವು, ಮೊಟ್ಟೆ ಇಡುವ ಗುಳಿಗಳಲ್ಲಿ ಒಂದೊಂದು ರೇಷ್ಮೆಯುಂಡೆ, ಬಾಟಲಿಯ ಜಾಗದಲ್ಲಿ ಸುರುಳಿ ಸುತ್ತಿದ ಕುಬಸದ ಖಣ. ಮುಟ್ಟಿದರೆ ಒಂಚೂರೂ ಧೂಳಿಲ್ಲ.

"ಕಪಾಟಿನಾಗ ಇಟ್ರ ಇಲಿ, ಪೆಟ್ಟಿಗ್ಯಾಗ ಇಟ್ರ ನುಸಿ. ಇದರ ಬಾಗಿಲಿಗೆ ರಬ್ಬರ್ ಐತಿ ನೋಡ್ರಿ, ಇರುವಿ ಸೈತ ಹೋಗಂಗಿಲ್ಲ. ಕಂಪನಿಯವರಿಗೆ ಇದರ ಕಿಮ್ಮತ್ತ ಗೊತ್ತಿಲ್ಲ. ಹಾಲಿಡಾಕ ಮಾಡ್ಯಾರ."

ಕಾಯಿದೆಯ ಪಟ್ಟಿಯಲ್ಲಿ ಫ್ರಿಜ್ಜಿನ ಆಯುಸ್ಸು ಇಂತಿಷ್ಟು ವರ್ಷ ಅಂತ ಇದೆ. ಅದು ಮುಗಿದರೆ ತ್ಯಾಜ್ಯ. ನಾನು ಶ್ರೀಮಂತ ದೇಶಗಳಲ್ಲಿ ತಣ್ಣಗೆ ಗುಂಯ್ ಅನ್ನುವ ಫ್ರಿಜ್ಜುಗಳನ್ನು ಬಣ್ಣ ಹಳತಾಯಿತೆಂದು ಬೀದಿಗಿಟ್ಟದ್ದು ಕಂಡವಳು. ಇಲ್ಲಿ ಸತ್ತದ್ದೂ ನೌಕರಿ ಮಾಡುತ್ತಿದೆ. ಯಾವುದನ್ನು ತ್ಯಾಜ್ಯ ಅನ್ನಬೇಕು ಅಂತ ನನಗೂ ಗೊಂದಲವಾಯಿತು. ಆದರೂ ಕೆಲಸ ಕೆಲಸವೇ. ಪರಿಸರ, ವಿಷಾನಿಲ, ಮಕ್ಕಳ ಭವಿಷ್ಯ, ಎಲ್ಲ ಹೇಳಿದೆ. ಅವಳು ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು, ಚಹಾ ಕೊಟ್ಟಳು, ಬಾಗಿಲವರೆಗೆ ಬಂದಳು.

"ಬಾಯಾರ, ನೀವು ಊರೂರು ತಿರುಗ್ತೀರಲ್ಲ? ಇಂಥಾದ್ದ ಕೆಟ್ಟದ್ದು ಇನ್ನೊಂದು ಸಿಕ್ರ ನಮಗ ಹೇಳ್ರಿ. ಸಣ್ಣ ಮಗಳ ಸೀರಿಗೆ ಬೇಕಾಗೈತಿ."

ಕೊಡಿ ಅಂತ ಕೇಳಲು ಹೋದವರು ಆರ್ಡರು ಬರೆದುಕೊಂಡು ಬಂದೆವು.

ಎರಡು ರಾಜ್ಯ ಕಂಡ ಟಿವಿ

ಮಕ್ತಲಿನ ಪಕ್ಕದ, ಗಡಿಯಂಚಿನ ಕೃಷ್ಣಾ ಮಂಡಲದ ಒಬ್ಬ ರೈತ ಕಾಯಿದೆಯನ್ನು ನನಗಿಂತ ಚೆನ್ನಾಗಿ ಓದಿದ್ದ. ಮಾರಿದವರೇ ಹಳೆಯದನ್ನು ತಿರುಗಿ ತೆಗೆದುಕೊಳ್ಳಬೇಕು ಅಂತ ಫೋನಿನಲ್ಲಿ ಯಾರೋ ಕಳಿಸಿದ್ದರಂತೆ. ಅವನ ಟಿವಿ ಕೊಂಡದ್ದು ಕೃಷ್ಣಾ ನದಿಯ ಆಚೆ, ರಾಯಚೂರಿನ ಅಂಗಡಿಯಲ್ಲಿ. ಮೋಟರ್ ಸೈಕಲ್ಲಿನ ಹಿಂದೆ ಟಿವಿ ಕಟ್ಟಿಕೊಂಡು ಸೇತುವೆ ದಾಟಿದ.

ಅಂಗಡಿಯವನು ಆಧಾರ್ ಕಾರ್ಡು ನೋಡಿದ. "ಕಾಕಾ, ನೀವು ತೆಲಂಗಾಣದವರು. ನಮ್ಮ ಕಾರ್ಯಕ್ರಮ ಈ ರಾಜ್ಯದವರಿಗೆ."

ತಿರುಗಿ ಸೇತುವೆ ದಾಟಿ ಮಕ್ತಲಿಗೆ ಬಂದ. ಅಲ್ಲಿಯ ಅಂಗಡಿಯವನು ಬಿಲ್ಲು ನೋಡಿದ. "ಇದು ಕರ್ನಾಟಕದ ಟಿವಿ ರೀ. ನಾವು ಹೆಂಗ ತಗೊಳ್ಳೂದು?"

ಮತ್ತೆ ರಾಯಚೂರು. ಈ ಸಲ ದಾರಿಯಲ್ಲಿ ಒಬ್ಬ ಪೋಲೀಸಪ್ಪ ಕೈ ಅಡ್ಡ ಹಿಡಿದ. ಇಂಥ ಸಾಮಾನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಾಗದ ಬೇಕು, ಎಲ್ಲಿದೆ? ರೈತ ಹೇಳಿದ: "ಸಾಹೇಬ್ರ, ಇದು ಅಲ್ಲಿಂದ ಬರುವಾಗ ನಡೀತಿತ್ತು. ಆಗ ನೀವು ನಿಲ್ಲಿಸಲಿಲ್ಲ. ಈಗ ಸತ್ತೈತಿ, ಓಡಿಹೋಗಂಗಿಲ್ಲ. ಯಾಕ ಹಿಡೀತೀರಿ?"

ಕಡೆಗೆ ಅದು ಅಕ್ಕನ ಅಂಗಳಕ್ಕೆ ಬಂತು. ರಸೀದಿ ಹರಿದು ಕೊಟ್ಟೆವು, ನಮ್ಮ ಮೊದಲ ಟಿವಿ. ಅವನ ಹೆಂಡತಿಯೂ ಜೊತೆಗೆ ಬಂದಿದ್ದಳು, ಆ ಟಿವಿಯ ನೆತ್ತಿ ಸವರಿ ನಿಟ್ಟುಸಿರು ಬಿಟ್ಟಳು.

"ಬದುಕಿದ್ದಾಗ ಇದೂ ನನ್ನಂಗ ಮನಿ ಹೊಸ್ತಿಲ ದಾಟಿದ್ದಿಲ್ಲ. ಸತ್ತ ಮ್ಯಾಲ ನೋಡ್ರಿ, ಎರಡು ರಾಜ್ಯ ತಿರುಗ್ಯಾಡಿ ಬಂತು."

ಟಿವಿಗೆ ಒಂದು ತಂಬಿಗೆ

ಎರಡು ತಿಂಗಳು ಮುಗಿದವು. ಒಂದು ಟಿವಿ, ಒಂದು ರಿಮೋಟು. ತಂತಿ ಸುಲಿಯುವ ಹೆಂಗಸರಲ್ಲಿ ಒಬ್ಬಳು, ಬೀಗ ಬಿದ್ದರೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವುದೇ ಅಂತ ಟಿಕೆಟಿನ ದರ ಕೇಳಿಕೊಂಡು ಬಂದಿದ್ದಳು. ಅಕ್ಕ ಅವತ್ತು ಎಲೆಯಡಿಕೆ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲು ಬಡಿದಳು. "ಬಾಯಾರ, ನಿಮ್ಮ ಭಾಷಣ ಸಾಕು. ಮಂದಿ ಕಾಯಿದೆಗೆ ಕೊಡಂಗಿಲ್ಲ, ಪಾತ್ರೆಗೆ ಕೊಡ್ತಾರ."

ಹಳೇ ಸೀರೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸರು ಈ ಭಾಗದ ಓಣಿಗಳಲ್ಲಿ ಈಗಲೂ ಬುಟ್ಟಿ ಹೊತ್ತು ಬರುತ್ತಾರೆ. ಕಾಲದಿಂದ ನಡೆದದ್ದು. ಕೊಡು ಅಂದರೆ ಕೊಡದ ಗೃಹಿಣಿ ಬದಲು ಅಂದರೆ ಅಟ್ಟ ಹತ್ತುತ್ತಾಳೆ. ಅಕ್ಕ ತಳ್ಳುಗಾಡಿಯಲ್ಲಿ ತಂಬಿಗೆ, ಬಟ್ಟಲು, ದಬರಿ ತುಂಬಿಕೊಂಡು ಕೂಗುತ್ತ ಹೊರಟಳು. ಕೆಟ್ಟ ಮಿಕ್ಸರಿಗೆ ಬಟ್ಟಲು, ಕೆಟ್ಟ ಫ್ಯಾನಿಗೆ ದಬರಿ, ಟಿವಿಗೆ ತಂಬಿಗೆ. ನಾನು ಹಿಂದೆ ರಸೀದಿ ಪುಸ್ತಕ ಹಿಡಿದು ನಡೆದೆ.

ಅಟ್ಟಗಳು ಬರಿದಾದವು. ಎಲ್ಲಿದ್ದವು ಇಷ್ಟು ದಿನ! ಕೋಳಿ ಮೊಟ್ಟೆಯಿಡುತ್ತಿದ್ದ ಟೇಪ್ ರೆಕಾರ್ಡರು, ಮಗು ಹತ್ತಿ ನಿಲ್ಲುವ ಸ್ಟೆಬಿಲೈಜರು, ದೇವರ ಜಗಲಿಯ ಕೆಳಗೆ ಪೀಠವಾಗಿದ್ದ ಸ್ಪೀಕರು. ಒಬ್ಬಾಕೆ ದೊಡ್ಡ ಟಿವಿ ಕೊಟ್ಟು ತಂಬಿಗೆಯನ್ನು ಬೆಳಕಿಗೆ ಹಿಡಿದು ನೋಡಿ ತಿರುಗಿ ಚಾಚಿದಳು.

"ಇದು ಸಣ್ಣದಾತು. ದೊಡ್ಡದು ಕೊಡು."

"ಸತ್ತ ಟಿವಿಗೆ ಎಷ್ಟು ದೊಡ್ಡದು ಕೊಡ್ಲಿಯವ್ವಾ?"

"ಸತ್ತದ್ದು ಈಗ. ಇದರ ಮುಂದ ಕುಂತು ನಾ ಹನ್ನೆರಡು ವರ್ಷ ಅತ್ತೀನಿ. ಎಷ್ಟು ಸೊಸೆಯಂದಿರ ಗೋಳು ನೋಡೀನಿ ಗೊತ್ತೇನು? ಆ ಕಣ್ಣೀರು ಹಿಡಿದಿದ್ರ ನಿನ್ನ ತಂಬಿಗಿ ಸಾಲ್ತಿದ್ದಿಲ್ಲ."

ಅಕ್ಕ ಕೊಡ ಕೊಟ್ಟು ಕಳಿಸಿದಳು.

ಸಾಹೇಬರು ಬಂದ ದಿನ

ಮೂರನೆಯ ತಿಂಗಳ ಕಡೆಗೆ ಅಂಗಳ ತುಂಬಿತು, ಲಾರಿಯನ್ನೂ ಗೊತ್ತು ಮಾಡಿದ್ದಾಯಿತು. ತಪಾಸಣೆಗೆ ಇನ್ನು ಐದು ದಿನವಿತ್ತು. ನನ್ನ ಕಾಲು ಕೇಳಲಿಲ್ಲ, ಅಲಂಪುರಕ್ಕೆ ಹೋದೆ, ತುಂಗಭದ್ರೆ ನೋಡಿದೆ, ಹಾಗೇ ಕರ್ನೂಲಿಗೂ ಹೋದೆ. ತಪಾಸಣೆಯ ದಿನ ಬೆಳಿಗ್ಗೆ ಮಕ್ತಲ್ ಬಸ್ಸಿಳಿದರೆ ಅಕ್ಕನ ಓಣಿಯಿಂದ ಮದುವೆಮನೆಯ ಗದ್ದಲ ಕೇಳಿಸುತ್ತಿತ್ತು.

ಅಂಗಳದೊಳಗೆ ಹೋಗಿ ಅಲ್ಲೇ ನಿಂತೆ. ಸಾಲಾಗಿ ಟಿವಿಗಳು. ಎಲ್ಲದರಲ್ಲೂ ಧಾರಾವಾಹಿಯ ಒಂದೇ ಸೊಸೆ ಅಳುತ್ತಿದ್ದಾಳೆ. ಫ್ಯಾನುಗಳು ತಿರುಗುತ್ತಿವೆ. ಮಿಕ್ಸರು ಖಾಲಿಯಾಗಿ ಕಿರುಚುತ್ತಿದೆ. ಟೇಪ್ ರೆಕಾರ್ಡರಿನಲ್ಲಿ ಭಜನೆ. ಎಲ್ಲಕ್ಕೂ ಅರಿಶಿನ ಕುಂಕುಮ. ನಡುವೆ ಅಕ್ಕನೂ ಅವಳ ತಮ್ಮನೂ, ನಾಲ್ಕು ದಿನ ನಿದ್ದೆಗೆಟ್ಟ ಕಣ್ಣು, ಬೆಸುಗೆಯ ಕಡ್ಡಿ ಇನ್ನೂ ಕೈಯಲ್ಲಿ.

"ಅಕ್ಕಾ, ಏನಿದು?"

"ಸಾಹೇಬ್ರು ತಪಾಸಣಿಗೆ ಬರ್ತಾರಲ್ರಿ," ಅಂದಳು, ನಾನು ತಿಳಿಗೇಡಿ ಎನ್ನುವಂತೆ. "ಕೆಟ್ಟದ್ದು ತೋರಸಾಕ ಬರ್ತೈತೇನು? ಎಲ್ಲಾ ಸರಿ ಮಾಡಿ ಇಟ್ಟೀನಿ. ನಾಕು ಟಿವಿ ಬಾಳ ಕಾಡಿದ್ವು. ಆದ್ರೂ ಬಿಡಲಿಲ್ಲ."

ಅವಳದು ತಪ್ಪಲ್ಲ. ನಿಜಾಮನ ಕಾಲದಿಂದ ಈ ನೆಲದಲ್ಲಿ ತಪಾಸಣೆ ಅಂದರೆ ಅದೇ ಅರ್ಥ. ಸಾಹೇಬರು ಬರುತ್ತಾರೆಂದರೆ ಕಲ್ಲಿಗೆ ಸುಣ್ಣ ಹೊಡೆಯುತ್ತಾರೆ, ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸುತ್ತಾರೆ, ದನದ ಡಾಕ್ಟರು ಬಂದರೆ ಎಮ್ಮೆಗೂ ಎಣ್ಣೆ ಹಚ್ಚುತ್ತಾರೆ. ಕಸದ ತಪಾಸಣೆಗೆ ಕಸವನ್ನೇ ರಿಪೇರಿ ಮಾಡಿ ನಿಲ್ಲಿಸಿದ್ದು ಮಾತ್ರ ಲೋಕದಲ್ಲಿ ಇದೇ ಮೊದಲು.

ಅದು ಸಾಲದ್ದಕ್ಕೆ ಗೇಟಿನ ಹೊರಗೆ ಹೆಂಗಸರ ಗುಂಪು. ಟಿವಿ ಜೀವ ಪಡೆದ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಒಬ್ಬೊಬ್ಬರ ಒಂದು ಕೈಯಲ್ಲಿ ರಸೀದಿ, ಇನ್ನೊಂದರಲ್ಲಿ ಪಾತ್ರೆ. "ಅಕ್ಕಾ, ನಿನ್ನ ತಂಬಿಗಿ ತಗೋ, ನಮ್ಮ ಟಿವಿ ಕೊಡು!" ಹನ್ನೆರಡು ವರ್ಷ ಅತ್ತಾಕೆ ಕೊಡ ಹೊತ್ತು ಎಲ್ಲರಿಗಿಂತ ಮುಂದಿದ್ದಳು.

ಆ ಗುಂಪನ್ನು ಸೀಳಿಕೊಂಡು ಜೀಪು ಬಂತು. ಇಳಿದ ಅಧಿಕಾರಿ ನಡುವಯಸ್ಸಿನವರು, ಬೆವರಿದವರು, ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಫೋನು. ಅಂಗಳದ ಸಾಲನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದರು. ಅಳುವ ಸೊಸೆ ಅವರನ್ನೇ ನೋಡುತ್ತಿದ್ದಳು.

"ಅಮ್ಮಾ, ಚೆತ್ತ ಎಕ್ಕಡ?" ಕಸ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದರು.

ಅಕ್ಕ ಎದೆಯುಬ್ಬಿಸಿದಳು. "ನಮ್ಮಲ್ಲಿ ಕಸಾನ ಇಲ್ರೀ ಸಾಹೇಬ್ರ!"

ನಾನು ಅವಳ ಕಾಲು ತುಳಿದೆ. ತಡವಾಗಿತ್ತು. ಅಧಿಕಾರಿ ಕಡತ ತೆರೆದು ಮೆತ್ತಗೆ ವಿವರಿಸಿದರು. ಇದು ಇ-ತ್ಯಾಜ್ಯ ಕೇಂದ್ರದ ನೋಂದಣಿ. ತ್ಯಾಜ್ಯವಿಲ್ಲದ ಕೇಂದ್ರಕ್ಕೆ ನೋಂದಣಿ ಕೊಡಲು ಬರುವುದಿಲ್ಲ. ಬದುಕಿಸಿದ್ದಕ್ಕೆ ಈ ಅರ್ಜಿಯಲ್ಲಿ ಕಾಲಮ್ಮೇ ಇಲ್ಲ. ಅಕ್ಕನ ಮುಖ ಇಳಿಯಿತು. ತಂತಿ ಸುಲಿಯುವ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ತಮ್ಮ ಹೋಗಿ ಒಂದೊಂದೇ ಟಿವಿ ಆರಿಸತೊಡಗಿದ. ಸದ್ದು ಅಡಗುತ್ತ ಬಂತು.

ಆಗ ಅಧಿಕಾರಿಯ ಕಣ್ಣು ಮೂಲೆಯ ತಾಡಪತ್ರಿಯ ಮೇಲೆ ಬಿತ್ತು.

"ಅದರ ಕೆಳಗೇನಮ್ಮಾ?"

"ಏನಿಲ್ರಿ."

"ಉಬ್ಬಿದೆಯಲ್ಲ?"

"ಗಾಳಿ ಸಾಹೇಬ್ರ."

"ಅಮ್ಮಾ, ತೆಗೀರಿ."

ಅಕ್ಕ ಕೈಮುಗಿದಳು. "ತಪ್ಪಾತ್ರಿ. ನಿನ್ನೆ ಹೊಲದಾಗ ಹುಗೀಬೇಕಂತ ಮಾಡಿದ್ದೆ. ಸಮಯ ಸಿಗಲಿಲ್ಲ. ಬಡವಿ ರೀ, ಬಿಟ್ಟುಬಿಡ್ರಿ."

ಅಧಿಕಾರಿಯೇ ಹೋಗಿ ತಾಡಪತ್ರಿ ಎಳೆದರು. ಕೆಳಗೆ ಹನ್ನೊಂದು ಗೋಣಿಚೀಲ. ರಿಪೇರಿ ಮಾಡುವಾಗ ಕಿತ್ತು ಹಾಕಿದ್ದೆಲ್ಲ: ಕಪ್ಪಾದ ಬೋರ್ಡು, ಹೊಟ್ಟೆಯುಬ್ಬಿದ ಬ್ಯಾಟರಿ, ಸುಟ್ಟ ತಂತಿಸುರುಳಿ, ಒಡೆದ ಗಾಜು. ಅವರು ಒಂದು ಬೋರ್ಡು ಎತ್ತಿ ಮೂಸಿದರು. ಅವರ ಮುಖ ಹಬ್ಬದ ದಿನದ ಮುಖವಾಯಿತು.

"ಇದೇ! ಇದೇ ಅಮ್ಮಾ ಬೇಕಾಗಿದ್ದು! ಶುದ್ಧ ತ್ಯಾಜ್ಯ! ಇದನ್ಯಾಕೆ ಬಚ್ಚಿಟ್ಟಿರಿ?"

ಕದ್ದಮಾಲಿನ ಸಮೇತ ಸಿಕ್ಕಿಬಿದ್ದು ಪಾಸಾದವಳು ನಾನು ಕಂಡಂತೆ ಅವಳೊಬ್ಬಳೇ.

ಇನ್ನುಳಿದದ್ದು ಲಾರಿಯ ಷರತ್ತು. ಅಧಿಕಾರಿ ಪತ್ರ ಓದಿದರು, ಮತ್ತೊಮ್ಮೆ ಓದಿದರು. "ಒಂದು ಲಾರಿ ಅಂತ ಬರೆದಿದೆ. ಎಷ್ಟು ತುಂಬಿರಬೇಕು ಅಂತ ಬರೆದಿಲ್ಲ." ಹೊರಗೆ ನೋಡಿದರು. "ಲಾರಿ ಒಂದೇ ಇದೆಯಲ್ಲ?"

"ಒಂದೇ ಐತ್ರಿ," ಅಂದಳು ಅಕ್ಕ.

"ಆಯ್ತು ಮತ್ತೆ."

ಹನ್ನೊಂದು ಚೀಲ ಲಾರಿ ಹತ್ತಿದವು. ಆ ಖಾಲಿ ಲಾರಿಯಲ್ಲಿ ಅವು ಸಿನಿಮಾ ಮುಗಿದ ಮೇಲೆ ಎದ್ದೇಳದೆ ಕೂತವರ ಹಾಗೆ ಕಂಡವು. ಹೊರಗಿನ ಹೆಂಗಸರು ತಂಬಿಗೆ ಒಪ್ಪಿಸಿ ಟಿವಿ ಹೊತ್ತುಕೊಂಡು ಹೊರಟೇಹೋದರು. ಅಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ಕಡತವಿಟ್ಟು ಸಹಿ ಹಾಕಿ, ಮೊಹರು ಒತ್ತಿ, ನೋಂದಣಿ ಪತ್ರ ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡಳು. ಅವಳು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ, ಅದೂ ಮೂಗು ಸೇದಿ ಮುಗಿಸಿಬಿಟ್ಟಳು.

ಕೊನೆಯದಾಗಿ ಫೋಟೋ ಆಗಬೇಕಿತ್ತು. ಲಾರಿ, ಚೀಲ, ಅಕ್ಕ ಮೂರೂ ಒಂದೇ ಚಿತ್ರದಲ್ಲಿ ಬರಬೇಕು ಅಂತ ನಿಯಮ. ಓಣಿ ಇಕ್ಕಟ್ಟು. ಅಧಿಕಾರಿ ಎಡಗೈಯಲ್ಲಿ ಫೋನು ಎತ್ತಿ ಹಿಡಿದು ಬಲಗೈಯಿಂದ ಡ್ರೈವರನಿಗೆ ಸನ್ನೆ ಮಾಡುತ್ತ ಹಿಂದೆ ಹಿಂದೆ ಸರಿದರು. "ರಾನೀ, ರಾನೀ, ವೆನಕ್ಕಿ ರಾನೀ..." ಬರಲಿ, ಹಿಂದಕ್ಕೆ ಬರಲಿ ಅಂತ. ಡ್ರೈವರನೂ ವಿಧೇಯ, ಬಂದ. ಸಾಹೇಬರ ಹಿಮ್ಮಡಿ ಒಂದು ತಂಬಿಗೆಗೆ ತಾಗಿತು, ಅವರು ಜೋಲಿ ತಪ್ಪಿ ಪಕ್ಕಕ್ಕೆ ಹಾರಿದರು, ಫೋನು ಇನ್ನೊಂದು ಪಕ್ಕಕ್ಕೆ ಹಾರಿತು. ಲಾರಿಯ ಹಿಂಚಕ್ರ ಬಹಳ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಅದರ ಮೇಲೆ ಹತ್ತಿ ಇಳಿದು ನಿಂತಿತು.

ಅಧಿಕಾರಿ ಬಗ್ಗಿ ಫೋನು ಎತ್ತಿಕೊಂಡರು. ಅದು ಹಪ್ಪಳವಾಗಿತ್ತು. ಎಡ ಅಂಗೈಯಲ್ಲಿ ಅದನ್ನಿಟ್ಟುಕೊಂಡು ಹಾಗೇ ನೋಡುತ್ತ ನಿಂತರು.

ಅಕ್ಕ ನೋಂದಣಿ ಪತ್ರವನ್ನು ಮಡಿಸಿ ಕುಬಸದೊಳಗಿಟ್ಟಳು. ನನ್ನ ಕಂಕುಳದಿಂದ ರಸೀದಿ ಪುಸ್ತಕ ಎಳೆದುಕೊಂಡು ಹೊಸ ಹಾಳೆ ತೆಗೆದಳು, ಸೆರಗು ಸರಿಮಾಡಿಕೊಂಡು ಅಧಿಕಾರಿಯ ಮುಂದೆ ಹೋಗಿ ಕೈಯೊಡ್ಡಿದಳು.

"ನೋಂದಣಿ ಆದ ಮ್ಯಾಲ ಇದ ಮೊದಲನೇ ಬೋಣಿ ಸಾಹೇಬ್ರ. ಎಡಗೈಲೆ ಕೊಡಬ್ಯಾಡ್ರಿ."